ಘೇಪನ್ ಸರೋವರ ಹಿಗ್ಗುತ್ತಿದೆ, ಕೆಳಗೆ ಊರಿದೆ

ಮನಾಲಿಗೆ ಹೋದವರು ಈಗ ಅಟಲ್ ಸುರಂಗ ದಾಟಿ ಲಾಹೌಲ್ ಕಣಿವೆಯ ಸಿಸ್ಸುವನ್ನೂ ನೋಡಿಬರುತ್ತಾರೆ. 2020ರಲ್ಲಿ ಸುರಂಗ ತೆರೆದ ಮೇಲೆ ಚಂದ್ರಾ ನದಿಯ ದಂಡೆಯ ಈ ಹಳ್ಳಿಗೆ ಪ್ರವಾಸಿಗರ ಸಾಲು ಹತ್ತಿದೆ. ಗಟ್ಟಿ ಕಾಲಿನ ಚಾರಣಿಗರು ಸಿಸ್ಸು ಹಳ್ಳದ ಗುಂಟ ಮೇಲೇರಿ, 4,068 ಮೀಟರ್ ಎತ್ತರದಲ್ಲಿ ಘೇಪನ್ ಹಿಮನದಿಯನ್ನೂ ಅದರ ಬುಡದ ಸರೋವರವನ್ನೂ ಕಣ್ತುಂಬಿಕೊಳ್ಳುತ್ತಾರೆ.

ಆ ಸರೋವರ ವರ್ಷವರ್ಷವೂ ಹಿಗ್ಗುತ್ತಿದೆ. ಇಸ್ರೋ 2024ರಲ್ಲಿ ಪ್ರಕಟಿಸಿದ ಉಪಗ್ರಹ ಮಾಹಿತಿಯಂತೆ 1989ರಲ್ಲಿ 36.49 ಹೆಕ್ಟೇರ್ ಇದ್ದದ್ದು 2022ಕ್ಕೆ 101.30 ಹೆಕ್ಟೇರ್ ಆಗಿದೆ. ಹಿಮನದಿ ಕರಗಿ ಹಿಂದೆ ಸರಿದಷ್ಟೂ ನೀರಿಗೆ ಜಾಗ ಸಿಗುತ್ತದೆ. ನೀರು ತಾಗಿದ ಹಿಮದ ಗೋಡೆ ಮತ್ತಷ್ಟು ಬೇಗ ಕಳಚಿ ಬೀಳುತ್ತದೆ.

ಇಷ್ಟು ನೀರನ್ನು ತಡೆದು ನಿಲ್ಲಿಸಿರುವುದು ಮೊರೇನ್ ದಿಬ್ಬ. ಅಂದರೆ ಹಿಮನದಿ ಹಿಂದೆಂದೋ ತಳ್ಳಿ ತಂದು ಗುಡ್ಡೆ ಹಾಕಿದ ಬಂಡೆ, ಜಲ್ಲಿ, ಹುಡಿಮಣ್ಣು. ನಮ್ಮ ಕೆರೆಯ ಏರಿಯಂತೆ ಇದನ್ನು ಯಾರೂ ಬಡಿದು ಗಟ್ಟಿ ಮಾಡಿಲ್ಲ, ಕಲ್ಲುಕಟ್ಟಿದ ಕೋಡಿಯೂ ಇದಕ್ಕಿಲ್ಲ. ಮೇಲಿನಿಂದ ಹಿಮವೋ ಬಂಡೆಯೋ ಉರುಳಿದರೆ ಎದ್ದ ಅಲೆ ದಿಬ್ಬ ಹಾರಿ ಇಳಿಯುತ್ತದೆ. ಇಳಿಯುವ ನೀರು ದಿಬ್ಬವನ್ನು ಕೊರೆಯುತ್ತದೆ, ಕೊರೆದಷ್ಟೂ ಹರಿವಿನ ರಭಸ ಏರುತ್ತದೆ.

ಸಿಕ್ಕಿಂನಲ್ಲಿ ಆದದ್ದು ಇದೇ. 2023ರ ಅಕ್ಟೋಬರ್ 3ರ ರಾತ್ರಿ ದಕ್ಷಿಣ ಲ್ಹೋನಕ್ ಸರೋವರಕ್ಕೆ ಸುಮಾರು 1.47 ಕೋಟಿ ಘನ ಮೀಟರ್ ಹೆಪ್ಪುಗಟ್ಟಿದ ಮೊರೇನ್ ಕುಸಿಯಿತು. ಸುಮಾರು 20 ಮೀಟರ್ ಎತ್ತರದ ಅಲೆ ಎದ್ದು, 5 ಕೋಟಿ ಘನ ಮೀಟರಿನಷ್ಟು ನೀರು ತೀಸ್ತಾ ಕಣಿವೆಗೆ ನುಗ್ಗಿತು. ಚುಂಗ್‌ತಾಂಗ್‌ನಲ್ಲಿ 1,200 ಮೆಗಾವಾಟ್ ಯೋಜನೆಯ ಅಣೆಕಟ್ಟೇ ಕೊಚ್ಚಿಹೋಯಿತು. ಹತ್ತಾರು ಜನ ಸತ್ತರು, ಹತ್ತಾರು ಜನರ ಸುಳಿವೇ ಸಿಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನಿಲ್ ಕುಲಕರ್ಣಿ ಅವರೂ ಇದ್ದ ತಂಡ ಆ ಸರೋವರ ಒಡೆದರೆ ಏನಾದೀತೆಂದು 2021ರಲ್ಲೇ ಲೆಕ್ಕ ಹಾಕಿ ಪ್ರಕಟಿಸಿತ್ತು. ಎಚ್ಚರಿಕೆ ಸಕಾಲಕ್ಕೆ ಬಂದಿತ್ತು, ಸಿದ್ಧತೆ ಮುಗಿದಿರಲಿಲ್ಲ.

ಅಪಾಯ ತಗ್ಗಿಸುವ ದಾರಿ ಗೊತ್ತಿಲ್ಲದ್ದೇನಲ್ಲ. ನೇಪಾಳ 2016ರಲ್ಲಿ ಇಮ್ಜಾ ಸರೋವರಕ್ಕೆ ಕಾಲುವೆ ತೋಡಿ ನೀರಿನ ಮಟ್ಟವನ್ನು 3 ಮೀಟರಿಗೂ ಹೆಚ್ಚು ಇಳಿಸಿತು. ಘೇಪನ್‌ನಲ್ಲೂ ನೀರಿನ ಮಟ್ಟವನ್ನು ಹಗಲಿರುಳು ಅಳೆಯುವ ಉಪಕರಣ ಬೇಕು, ಸಿಸ್ಸುವಿನ ಮನೆಮನೆಗೂ ಕೇಳುವ ಸೈರನ್ ಬೇಕು. ಹಳ್ಳ ನದಿಗೆ ಸೇರುವ ಜಾಗದಲ್ಲಿ ಹೊಸ ಕಟ್ಟಡ ಏಳಬಾರದು. ನೀರು ಬಂದರೆ ಯಾವ ದಿಕ್ಕಿಗೆ ಓಡಬೇಕೆಂಬುದು ಊರವರಿಗಷ್ಟೇ ಅಲ್ಲ, ಅಲ್ಲಿ ಒಂದೇ ರಾತ್ರಿ ತಂಗುವ ಪ್ರವಾಸಿಗೂ ತಿಳಿದಿರಬೇಕು.