ಬೇತ್ಸಾಯಿದದಿಂದ ಯೆರಿಕೋವರೆಗೆ: ಮಾರ್ಕನ ಸುವಾರ್ತೆಯ ನಡುದಾರಿ

ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದು ಅತಿ ಚಿಕ್ಕದು, 16 ಅಧ್ಯಾಯ. ಹೆಚ್ಚಿನ ವಿದ್ವಾಂಸರ ಪ್ರಕಾರ ಮೊದಲು ಬರೆದದ್ದೂ ಇದೇ, ಕಾಲ ಕ್ರಿ.ಶ. 70ರ ಆಸುಪಾಸು, ಭಾಷೆ ಜನಬಳಕೆಯ ಗ್ರೀಕ್. ಬರೆದವನು ಪೇತ್ರನ ಒಡನಾಡಿ ಮಾರ್ಕ ಎಂಬುದು ಸಭೆಯ ಹಳೆಯ ನಂಬಿಕೆ. ಪುಸ್ತಕದೊಳಗೆ ಮಾತ್ರ ಬರೆದವನ ಹೆಸರಿಲ್ಲ. ಆದರೆ ಹಿಂದೆ ಸಂತ ಅಗಸ್ಟೀನನಂಥ ಪಂಡಿತನೂ ಇದನ್ನು ಮೊದಲನೆಯದೆನ್ನದೆ, ಮತ್ತಾಯನ ಸಂಕ್ಷೇಪವೆಂದೇ ಬಗೆದಿದ್ದ. ಪೀಠಿಕೆಗೆ ಇಷ್ಟು ಸಾಕು. ಓದುಗರು ಪದೇ ಪದೇ ಮುಗ್ಗರಿಸುವ ಜಾಗ 8ನೇ ಅಧ್ಯಾಯದಲ್ಲಿದೆ, ಅಲ್ಲಿಗೆ ಹೋಗೋಣ.

ಬೇತ್ಸಾಯಿದದಲ್ಲಿ ಒಬ್ಬ ಕುರುಡನನ್ನು ಯೇಸುವಿನ ಬಳಿ ಕರೆತರುತ್ತಾರೆ. ಯೇಸು ಅವನ ಕೈಹಿಡಿದು ಊರಾಚೆ ಕರೆದೊಯ್ದು, ಕಣ್ಣಿಗೆ ಉಗುಳು ಹಚ್ಚಿ, ಕೈಯಿಟ್ಟು, ಏನಾದರೂ ಕಾಣುತ್ತಿದೆಯೇ ಎಂದು ಕೇಳುತ್ತಾನೆ. ಜನ ಕಾಣುತ್ತಾರೆ, ಆದರೆ ನಡೆದಾಡುವ ಮರಗಳಂತೆ. ಯೇಸು ಮತ್ತೊಮ್ಮೆ ಕೈಯಿಡುತ್ತಾನೆ. ಆಗ ಎಲ್ಲವೂ ಸ್ಪಷ್ಟ.

ಮೊದಲ ಸಲ ಶಕ್ತಿ ಸಾಲಲಿಲ್ಲವೇ? ಈ ಪ್ರಶ್ನೆ ಏಳದ ಓದುಗರ ಗುಂಪನ್ನು ನಾನು ಕಂಡಿಲ್ಲ. ಆದರೆ ಇದೇ ಪುಸ್ತಕದಲ್ಲಿ ಪಾರ್ಶ್ವವಾಯು ಪೀಡಿತನು ಒಂದು ಮಾತಿಗೇ ಎದ್ದು ನಡೆಯುತ್ತಾನೆ, 12 ವರ್ಷ ರಕ್ತಸ್ರಾವದಿಂದ ನರಳಿದ ಹೆಣ್ಣು ಬಟ್ಟೆಯನ್ನು ಮುಟ್ಟಿದೊಡನೆಯೇ ವಾಸಿಯಾಗುತ್ತಾಳೆ. ಹಾಗಾಗಿ ಶಕ್ತಿಯ ಕೊರತೆ ಇದಲ್ಲ. ಮಾರ್ಕನ ಬಹುಪಾಲು ಸಾಮಗ್ರಿಯನ್ನು ಬಳಸಿಕೊಂಡ ಮತ್ತಾಯ ಈ ಘಟನೆಯನ್ನು ಕೈಬಿಟ್ಟ, ಲೂಕನೂ ಬಿಟ್ಟ. ಮಾರ್ಕನಿಗೋ ಇದು ಇಲ್ಲಿಯೇ ಬೇಕಿತ್ತು. ಯಾಕೆಂದು ತಿಳಿಯಲು ಹಿಂದುಮುಂದಿನ ಪುಟಗಳನ್ನು ನೋಡಬೇಕು.

ಇದಕ್ಕೆ ತುಸು ಮೊದಲು, ದೋಣಿಯಲ್ಲಿ, ಕಣ್ಣಿದ್ದೂ ನಿಮಗೆ ಕಾಣದೇ ಎಂದು ಯೇಸು ಶಿಷ್ಯರನ್ನು ಕೇಳಿದ್ದಾನೆ. ಇದಾದ ಕೂಡಲೇ ಫಿಲಿಪ್ಪನ ಕೈಸರೈಯದ ದಾರಿಯಲ್ಲಿ, ನೀನೇ ಕ್ರಿಸ್ತ ಎಂದು ಪೇತ್ರ ಹೇಳುತ್ತಾನೆ. ಸರಿಯಾದ ಉತ್ತರವೇ. ಆದರೆ ಯೇಸು ತನ್ನ ಕಷ್ಟ, ಸಾವು, ಪುನರುತ್ಥಾನಗಳ ಮಾತೆತ್ತಿದೊಡನೆ ಅದೇ ಪೇತ್ರ ಅವನನ್ನು ಗದರಿಸಿ, ಸೈತಾನನೆಂದು ಕರೆಸಿಕೊಳ್ಳುತ್ತಾನೆ. ಮೊದಲ ಸ್ಪರ್ಶದ ನಂತರದ ಆ ಕುರುಡನಂತೆ ಪೇತ್ರನಿಗೂ ಅರ್ಧವೇ ಕಂಡಿದೆ: ಕ್ರಿಸ್ತ ಕಂಡಿದ್ದಾನೆ, ಶಿಲುಬೆ ಕಂಡಿಲ್ಲ.

ಮುಂದೆ ಸಾವು, ಪುನರುತ್ಥಾನಗಳ ಇದೇ ಮಾತು ಇನ್ನೆರಡು ಸಲ ಬರುತ್ತದೆ, ಪ್ರತಿ ಸಲವೂ ಶಿಷ್ಯರು ತಪ್ಪು ತಿಳಿಯುತ್ತಾರೆ. ಎರಡನೆಯ ಸಲ, ತಮ್ಮಲ್ಲಿ ಯಾರು ದೊಡ್ಡವರೆಂದು ದಾರಿಯುದ್ದಕ್ಕೂ ಜಗಳ. ಮೂರನೆಯ ಸಲ, ಯಾಕೋಬ ಮತ್ತು ಯೋಹಾನ ಯೇಸುವಿನ ಮಹಿಮೆಯಲ್ಲಿ ಎಡಬಲದ ಪೀಠ ಕೇಳುತ್ತಾರೆ. ನಿಮಗೇನು ಮಾಡಬೇಕೆಂದು ಯೇಸು ಅವರನ್ನು ಕೇಳಿರುತ್ತಾನೆ. ಕೆಲವೇ ವಾಕ್ಯಗಳ ನಂತರ, ಯೆರಿಕೋ ಊರಿನ ದಾರಿಬದಿಯಲ್ಲಿ ಭಿಕ್ಷೆ ಬೇಡುವ ಕುರುಡ ಬಾರ್ತಿಮಾಯನಿಗೂ ಅದೇ ಪ್ರಶ್ನೆ. ಅವನು ಕೇಳುವುದು ಪೀಠವನ್ನಲ್ಲ, ಕಣ್ಣನ್ನು. ದೃಷ್ಟಿ ಬಂದದ್ದೇ ಯೇಸುವಿನ ಹಿಂದೆ ಹೊರಟುಬಿಡುತ್ತಾನೆ. ಆ ದಾರಿ ಯೆರೂಸಲೇಮಿಗೆ, ಶಿಲುಬೆಗೆ ಹೋಗುತ್ತದೆ. ಅಲ್ಲಿ ಯೇಸುವಿನ ಎಡಬಲದ ಜಾಗ ಸಿಗುವುದು ಇಬ್ಬರು ದರೋಡೆಕೋರರಿಗೆ. ಎಂಥ ಕಟ್ಟುವಿಕೆ! ಇಬ್ಬರು ಕುರುಡರ ನಡುವೆ, ಕಣ್ಣಿದ್ದೂ ಅರೆಗಾಣುವ ಶಿಷ್ಯರನ್ನು ಮಾರ್ಕ ನಿಲ್ಲಿಸಿದ್ದಾನೆ.

ಈ ಓದು ಇಂದಿನ ನಂಬಿಕೆಯನ್ನು ನೇರವಾಗಿ ತಟ್ಟುತ್ತದೆ. ಕಾಯಿಲೆ ವಾಸಿಮಾಡುವ, ಕೆಲಸ ಕೊಡಿಸುವ, ಸಾಲ ತೀರಿಸುವ ಯೇಸುವನ್ನು ಸಾರುವ ಬೋಧನೆ ಇಂದು ಬಹಳ ಜನಪ್ರಿಯ. ಅದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ, ಈ ಸುವಾರ್ತೆಯ ಮೊದಲರ್ಧ ತುಂಬ ರೋಗಿಗಳು ಗುಣವಾಗುತ್ತಾರೆ. ಆದರೆ ಅಷ್ಟಕ್ಕೇ ನಿಂತ ನಂಬಿಕೆ ಮೊದಲ ಸ್ಪರ್ಶದಲ್ಲೇ ನಿಂತ ನಂಬಿಕೆ. ಸಭೆಯೊಳಗೆ ಸ್ಥಾನಮಾನಕ್ಕೆ ಪೈಪೋಟಿ ನಡೆದಾಗಲೆಲ್ಲ ನಾವು ಯಾಕೋಬ, ಯೋಹಾನರ ಸಾಲಿನಲ್ಲಿರುತ್ತೇವೆ. ದೊಡ್ಡವನಾಗಬೇಕೆಂಬವನು ಸೇವಕನಾಗಲಿ ಎಂಬ ಅರ್ಥದ ಯೇಸುವಿನ ಮಾತು ಬರುವುದು ಆ ಬೇಡಿಕೆಗೆ ಉತ್ತರವಾಗಿಯೇ.

ಹಾಗೆಂದು ಅರೆಗಾಣುವವರನ್ನು ಮಾರ್ಕ ಹೊರಹಾಕುವುದಿಲ್ಲ. ನನಗೆ ಈ ಪುಸ್ತಕ ಇಷ್ಟವಾಗುವುದೇ ಅದಕ್ಕೆ. ಪೇತ್ರ ಮೂರು ಸಲ ಯೇಸುವನ್ನು ಅರಿಯೆನೆನ್ನುತ್ತಾನೆ. ಆದರೂ ಬರಿದಾದ ಸಮಾಧಿಯಲ್ಲಿ ಕುಳಿತ ಯುವಕನು ಹೆಂಗಸರ ಕೈಯಲ್ಲಿ ಕಳಿಸುವ ಸುದ್ದಿ ಶಿಷ್ಯರಿಗೂ ಪೇತ್ರನಿಗೂ: ಯೇಸು ನಿಮಗಿಂತ ಮುಂದಾಗಿ ಗಲಿಲಾಯಕ್ಕೆ ಹೋಗುತ್ತಾನೆ. ಪೇತ್ರನ ಹೆಸರನ್ನು ಅಲ್ಲಿ ಬೇರೆಯಾಗಿ ಎತ್ತಿ ಹೇಳುವುದು ಮಾರ್ಕ ಒಬ್ಬನೇ. ಕೈಬಿಟ್ಟವನಿಗೂ ಎರಡನೆಯ ಸ್ಪರ್ಶ ಉಂಟು. 4ನೇ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಲ್ಲಿ ಆ ಹೆಂಗಸರು ಹೆದರಿ ಓಡಿಹೋದರೆಂಬಲ್ಲಿಗೆ, 16:8ಕ್ಕೆ, ಸುವಾರ್ತೆ ಮುಗಿಯುತ್ತದೆ. ಮುಂದಿನ 12 ವಾಕ್ಯಗಳನ್ನು ನಂತರದ ಸೇರ್ಪಡೆಯೆಂದು ಹೆಚ್ಚಿನ ವಿದ್ವಾಂಸರು ಎಣಿಸುತ್ತಾರೆ. ಅದರ ಚರ್ಚೆಗೆ ಪ್ರತ್ಯೇಕ ಅಧ್ಯಾಯವೇ ಬೇಕು.

ಭಾನುವಾರದ ಆರಾಧನೆಯಲ್ಲಿ ತುಣುಕುತುಣುಕಾಗಿ ಕೇಳಿದವರಿಗೆ ಈ ಕಟ್ಟಡ ಕಾಣುವುದಿಲ್ಲ. ಆದ್ದರಿಂದ ನನ್ನ ಕೋರಿಕೆ: 8:22ರಿಂದ 10:52ರವರೆಗೆ ಒಂದೇ ಪಟ್ಟಿಗೆ ಓದಿ, ಅರ್ಧ ಗಂಟೆಯೂ ಹಿಡಿಯದು. ಆಮೇಲೆ ಮತ್ತಾಯನ 16ರಿಂದ 20ನೇ ಅಧ್ಯಾಯಗಳನ್ನು ಪಕ್ಕದಲ್ಲಿಟ್ಟು, ಅವನು ಏನನ್ನು ಬಿಟ್ಟ, ಏನನ್ನು ಬದಲಿಸಿದ ಎಂದು ನೀವೇ ಗುರುತುಹಾಕಿಕೊಳ್ಳಿ.