ಏನೂ ಇಲ್ಲದ ಕೋಣೆಯಲ್ಲಿ ಎರಡು ರಾತ್ರಿ

ಒಂದು ಪ್ರಶ್ನೆ ಕೇಳ್ತೀನಿ, ನಿಜ ಹೇಳಿ. ಮದುವೆಯಾದ ಮೇಲೆ ನೀವು ಹೋಟೆಲ್‌ ರೂಮಿನಲ್ಲಿ ಉಳಿದದ್ದು ಎಷ್ಟು ಸಲ? ಅದರಲ್ಲಿ ನೆಂಟರ ಮದುವೆ, ಆಸ್ಪತ್ರೆ ಓಡಾಟ, ಮಕ್ಕಳ ಸಿಇಟಿ ಕೌನ್ಸೆಲಿಂಗ್, ಧರ್ಮಸ್ಥಳ-ಸುಬ್ರಹ್ಮಣ್ಯ ಯಾತ್ರೆ ಇವನ್ನೆಲ್ಲ ಕಳೆಯಿರಿ. ಈಗ ಉಳಿದದ್ದು ಎಷ್ಟು?

ನನ್ನ ಲೆಕ್ಕದಲ್ಲಿ ಸೊನ್ನೆ!

ಅದಕ್ಕೇ ಇರಬೇಕು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ನಮ್ಮ ಮದುವೆಯ ಇಪ್ಪತ್ತೆಂಟನೇ ವರ್ಷಕ್ಕೆ ಒಂದು ವಿಚಿತ್ರ ಉಡುಗೊರೆ ಕೊಟ್ಟಳು. ಅವಳಿರೋದು ಪಿ.ಜಿ.ಯಲ್ಲಿ. ನಾವು ಹೋದರೆ ಉಳಿಯಲು ಜಾಗ ಇಲ್ಲ. 'ಅಮ್ಮ, ಎಂ.ಜಿ. ರೋಡ್ ಹತ್ರ ಒಂದು ಹೋಟೆಲ್ ಬುಕ್ ಮಾಡೀನಿ. ಎರಡು ರಾತ್ರಿ. ದುಡ್ಡು ಎಷ್ಟು ಅಂತ ಮಾತ್ರ ಕೇಳಬೇಡ' ಅಂದಳು. ನಾನು ಮೊದಲು ಕೇಳಿದ್ದೇ ಅದನ್ನ. ಅವಳು ಹೇಳಲಿಲ್ಲ, ಬಿಡಿ.

ಅತ್ತೆಯವರನ್ನು ಹರಿಹರದಲ್ಲಿ ಓರಗಿತ್ತಿಯ ಮನೆಗೆ ಬಿಟ್ಟು, ಹಾಲಿನವರಿಗೆ, ಪೇಪರ್‌ನವರಿಗೆ ಬೇಡ ಅಂತ ಹೇಳಿ, ವಿದ್ಯಾನಗರದ ಮನೆಗೆ ಬೀಗ ಹಾಕಿದೆವು. ದಾವಣಗೆರೆಯಲ್ಲಿ ಮಧ್ಯಾಹ್ನ ವಂದೇ ಭಾರತ್ ಹತ್ತಿದರೆ ಸಂಜೆ ಯಶವಂತಪುರ. ಅಲ್ಲಿಂದ ಮೆಟ್ರೊ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದಲ್ಲಿ ಎಂ.ಜಿ. ರೋಡ್. ಬೆಂಗಳೂರಿನ ಆಟೋ ಚೌಕಾಸಿಯ ತಲೆನೋವೇ ಇಲ್ಲ.

ಇಷ್ಟು ದುಡ್ಡಿಗೆ ಇಷ್ಟೇನಾ?

ರೂಮಿನ ಬಾಗಿಲು ತೆರೆದಾಗ ನನ್ನ ಬಾಯಿಂದ ಬಂದ ಮೊದಲ ಮಾತು, 'ಇದೇನ್ರೀ, ಇನ್ನೂ ಸಾಮಾನು ತಂದಿಲ್ವಾ?'

ಬಿಳಿ ಗೋಡೆ. ಬಿಳಿ ಹಾಸಿಗೆ. ಬೂದು ಬಣ್ಣದ ಒಂದು ಕುರ್ಚಿ. ಗೋಡೆಗೆ ಒಂದು ಚಿತ್ರವಿಲ್ಲ, ಹೂದಾನಿಯಿಲ್ಲ, ಝಗಮಗ ಪರದೆಯಿಲ್ಲ. ಬೀರುವಿಗೆ ಹಿಡಿಕೆಯೇ ಇಲ್ಲ, ಒತ್ತಿದರೆ ತೆರೆದುಕೊಳ್ಳುತ್ತೆ! ಪಂಚತಾರಾ ಅಂದರೆ ಗೊಂಚಲು ದೀಪ, ಕೆಂಪು ಕಾರ್ಪೆಟ್ಟು ಅಂದುಕೊಂಡಿದ್ದ ನನಗೆ ಪಿಚ್ಚೆನಿಸಿತು. 'ಅಮ್ಮ, ಇದಕ್ಕೆ ಮಿನಿಮಲಿಸಂ ಅಂತಾರೆ. ಏನೂ ಇಲ್ಲದೇ ಇರೋದೇ ಇದರ ಚೆಂದ' ಅಂತ ಮಗಳು ಫೋನಿನಲ್ಲಿ ಪಾಠ ಹೇಳಿದಳು.

ಈ ಫ್ಯಾಷನ್ ಹೊಸದೇನಲ್ಲ. ನ್ಯೂಯಾರ್ಕ್‌ನಲ್ಲಿ 1984ರಲ್ಲಿ ಶುರುವಾದ ಮಾರ್ಗನ್ಸ್ ಎಂಬ ಹೋಟೆಲ್ ಇಂಥ ಸರಳ, ಆದರೆ ದುಬಾರಿ ಹೋಟೆಲ್‌ಗಳಿಗೆ ದಾರಿ ತೋರಿತು ಅಂತಾರೆ. ನಮ್ಮ ಬೆಂಗಳೂರಿನಲ್ಲಿ ಎಂ.ಜಿ. ರಸ್ತೆಯ 'ದಿ ಪಾರ್ಕ್' 2000ದಲ್ಲಿ ಬಂದಾಗ ಅದರ ವಿನ್ಯಾಸ ಮಾಡಿದ್ದು ಲಂಡನ್ನಿನ ಟೆರೆನ್ಸ್ ಕಾನ್ರನ್ ಅವರ ಸಂಸ್ಥೆ. 1964ರಲ್ಲಿ 'ಹ್ಯಾಬಿಟಾಟ್' ಎಂಬ ಅಂಗಡಿ ತೆರೆದು ಇಂಗ್ಲೆಂಡಿನ ಮನೆಗಳ ರೂಪವನ್ನೇ ಸರಳ ಮಾಡಿದವರು ಈ ಕಾನ್ರನ್. ಇದೇ ಸರಳತೆಯನ್ನು ಕಡಿಮೆ ದರದಲ್ಲಿ ಕೊಡಲು ಟಾಟಾದವರು 2004ರಲ್ಲಿ ವೈಟ್‌ಫೀಲ್ಡ್‌ನಲ್ಲಿ ಇನ್ನೊಂದು ಬಗೆಯ ಹೋಟೆಲ್ ಶುರುಮಾಡಿದರು. ಅದೇ ಮುಂದೆ 'ಜಿಂಜರ್' ಆಯಿತು. ಹಾಗಾಗಿ ಇಂಥ ಕೋಣೆಯ ಅನುಭವಕ್ಕೆ ಪಂಚತಾರಾ ದುಡ್ಡೇ ಕೊಡಬೇಕು ಅಂತೇನಿಲ್ಲ.

ನನಗೆ ಮಾತ್ರ ನೆನಪಾದದ್ದು ಅಜ್ಜಿಯ ಮನೆಯ ಪಡಸಾಲೆ. ಅಲ್ಲಿ ತಾನೇ ಏನಿತ್ತು? ಸಗಣಿ ಸಾರಿಸಿದ ನೆಲ, ಗೋಡೆಯ ಗೂಡಿನಲ್ಲಿ ಒಂದು ದೀಪ, ಮಡಚಿಟ್ಟ ಕಂಬಳಿ. ಬಂದವರಿಗೆ ಹಾಸಿದರೆ ಮುಗೀತು. ಅದನ್ನು ಬಡತನ ಅಂದುಕೊಂಡು ನಾವು ಶೋಕೇಸು, ಸೋಫಾ, ಟೀಪಾಯಿ ಅಂತ ಮನೆ ತುಂಬಿಸಿಕೊಂಡೆವು. ಈಗ ಅದೇ ಖಾಲಿ ಜಾಗಕ್ಕೆ ಸಾವಿರಗಟ್ಟಲೆ ಬಾಡಿಗೆ!

ನಾಚಿಕೆ ಬೇಡ, ಕೇಳಿ

ಇಂಥ ಹೋಟೆಲ್‌ನಲ್ಲಿ ನಮ್ಮಂಥವರಿಗೆ ದೊಡ್ಡ ಭಯ ದುಡ್ಡಿನದಲ್ಲ, 'ಗೊತ್ತಿಲ್ಲ ಅಂದರೆ ನಗ್ತಾರೇನೋ' ಅನ್ನೋದು. ನಾನು ಪಟ್ಟ ಪಾಡು ನಿಮಗೆ ಬೇಡ.

ಮೊದಲನೆಯದು, ಲೈಟು. ಸ್ವಿಚ್ಚು ಎಷ್ಟು ಒತ್ತಿದರೂ ಹತ್ತಲಿಲ್ಲ. ಬಾಗಿಲು ತೆರೆಯಲು ಕೊಟ್ಟ ಕಾರ್ಡನ್ನು ಒಳಗೆ ಗೋಡೆಯ ಮೇಲಿನ ಸಣ್ಣ ಸೀಳಿನಲ್ಲಿ ಸಿಕ್ಕಿಸಿದರೆ ಮಾತ್ರ ಕರೆಂಟು. ಕೆಲವು ಕಡೆ ಲಿಫ್ಟಿಗೂ ಅದೇ ಕಾರ್ಡ್ ತೋರಿಸಬೇಕು.

ಎರಡನೆಯದು, ಬಚ್ಚಲು. ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಗಾಜಿನ ಗೋಡೆ! ನಮ್ಮೂರ ಗಾಜಿನ ಮನೆ ನೋಡಿ ಖುಷಿಪಟ್ಟಿದ್ದೆ, ಅದು ಬಚ್ಚಲಿಗೂ ಬರುತ್ತೆ ಅಂತ ಗೊತ್ತಿರಲಿಲ್ಲ. ಗಾಬರಿ ಬೇಡ. ಪರದೆ ಇಳಿಸುವ ಸ್ವಿಚ್ಚು ಹಾಸಿಗೆ ಪಕ್ಕದಲ್ಲೋ ಬಚ್ಚಲ ಬಾಗಿಲ ಬಳಿಯೋ ಇರುತ್ತೆ. ಅತ್ತೆ-ಮಾವ ಅಥವಾ ದೊಡ್ಡ ಮಕ್ಕಳ ಜೊತೆ ಒಂದೇ ರೂಮಿನಲ್ಲಿ ಇರುವುದಾದರೆ ಬುಕ್ ಮಾಡುವಾಗಲೇ ಈ ವಿಷಯ ವಿಚಾರಿಸಿ. ಬಕೆಟ್ಟು, ಮಗ್ಗು ಇರುವುದಿಲ್ಲ. ಹೌಸ್‌ಕೀಪಿಂಗ್‌ಗೆ ಫೋನ್ ಮಾಡಿ ಕೇಳಿದರೆ ಸಾಮಾನ್ಯವಾಗಿ ತಂದುಕೊಡುತ್ತಾರೆ. ನಾನು ಕೇಳಿದೆ, ಯಾರೂ ನಗಲಿಲ್ಲ.

ಮೂರನೆಯದು, ಊದುಬತ್ತಿ. ಬೆಳಿಗ್ಗೆ ಸ್ನಾನ ಮಾಡಿ, ಬ್ಯಾಗಿನಲ್ಲಿ ತಂದಿದ್ದ ಸಣ್ಣ ಫೋಟೋ ಇಟ್ಟು ಊದುಬತ್ತಿ ಹಚ್ಚಿದೆ. ಎರಡೇ ನಿಮಿಷ, ಮೇಲಿಂದ ಕೀ ಕೀ ಅಂತ ಸದ್ದು! ಸೂಟು ಹಾಕಿದ ಹುಡುಗ ಓಡಿ ಬಂದ. ಚಾವಣಿಯಲ್ಲಿ ಹೊಗೆ ಕಂಡುಹಿಡಿಯುವ ಯಂತ್ರ ಇರುತ್ತೆ, ಅದಕ್ಕೆ ಸಿಗರೇಟೂ ಒಂದೇ, ಊದುಬತ್ತಿಯೂ ಒಂದೇ. ಹೂವಿಟ್ಟು ಕೈಮುಗಿದರೆ ದೇವರಿಗೂ ಸಾಕು.

ನಾಲ್ಕನೆಯದು, ಬಿಳಿ ಟವೆಲ್ಲು. ಅರಿಶಿನ, ಕುಂಕುಮ, ಮೆಹಂದಿ, ತಲೆಗೆ ಹಚ್ಚಿದ ಎಣ್ಣೆ ಇವುಗಳ ಕಲೆ ಆದರೆ ಕೆಲವು ಹೋಟೆಲ್‌ಗಳು ದುಡ್ಡು ಹಿಡಿಯುತ್ತವೆ. ಮುಖ ಒರೆಸಲು, ದಿಂಬಿನ ಮೇಲೆ ಹಾಸಲು ಮನೆಯದೇ ಒಂದು ಹಳೇ ಟವೆಲ್ ಒಯ್ಯಿರಿ.

ಬೆಳಗಿನ ಐದು ಗಂಟೆ

ಇನ್ನು ಹೇಳಬೇಕಾದ ಮುಖ್ಯ ಮಾತು ಬೇರೆ ಇದೆ.

ಮೊದಲ ದಿನ ಬೆಳಿಗ್ಗೆ ಐದಕ್ಕೆ ಎಂದಿನಂತೆ ಎಚ್ಚರವಾಯಿತು. ಎದ್ದು ಕೂತೆ. ಬಾಗಿಲಿಗೆ ನೀರು ಹಾಕುವ ಹಾಗಿಲ್ಲ, ರಂಗೋಲಿ ಇಲ್ಲ. ಹಾಲು ಕಾಯಿಸುವಂತಿಲ್ಲ. ಅತ್ತೆಯವರಿಗೆ ಮಾತ್ರೆ ಕೊಡಬೇಕಿಲ್ಲ. ಒರೆಸೋಣ ಅಂದರೆ ಧೂಳು ಕೂರಲು ಒಂದು ಗೊಂಬೆಯೂ ಇಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ನನಗೆ ಏನೂ ಕೆಲಸ ಇರಲಿಲ್ಲ. ಖುಷಿಯಾಗಬೇಕಿತ್ತು. ಯಾಕೋ ಅಳು ಬಂತು.

ಯಜಮಾನರಿಗೂ ಎಚ್ಚರವಾಯಿತು. ಮನೆಯಲ್ಲಾಗಿದ್ದರೆ ಪೇಪರ್ ಹಿಡಿದು ಕೂರ್ತಿದ್ದರು, ಇಲ್ಲವೇ ಕುಂದವಾಡ ಕೆರೆ ಕಡೆ ವಾಕಿಂಗ್ ಹೊರಡುತ್ತಿದ್ದರು. ಇಲ್ಲಿ ಅಡಗಿಕೊಳ್ಳಲು ಅವರಿಗೂ ಜಾಗ ಇರಲಿಲ್ಲ. ಟೀ ಕುದಿಸುವ ಸಣ್ಣ ಕೆಟಲ್‌ನಲ್ಲಿ ಅವರೇ ಟೀ ಮಾಡಿ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು, 'ನೋಡು, ಒಂದು ವಿಷಯ ಹೇಳಬೇಕಿತ್ತು. ಮನೆ ಮಾರೋಣ ಅಂತ ಒಬ್ಬ ಬ್ರೋಕರ್ ಹತ್ರ ಮಾತಾಡೀನಿ. ರಿಟೈರ್ ಆದ ಮೇಲೆ ಬೆಂಗಳೂರಲ್ಲಿ ಮಗಳ ಹತ್ರ ಫ್ಲಾಟ್ ತಗೊಳೋದು ಅಂತ.'

ಮೂರು ತಿಂಗಳಿಂದ ಮಾತುಕತೆ ನಡೆದಿತ್ತಂತೆ! ನನಗೆ ಗೊತ್ತೇ ಇಲ್ಲ. ಮನೆಯಲ್ಲಿ ಈ ಮಾತು ಬಂದಿದ್ದರೆ ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಅವರು ಟಿ.ವಿ. ಸದ್ದು ಜೋರು ಮಾಡುತ್ತಿದ್ದರು. ಮಾತು ಅಲ್ಲಿಗೇ ಸಾಯುತ್ತಿತ್ತು. ಇಲ್ಲಿ ಕುಕ್ಕಲು ಪಾತ್ರೆ ಇರಲಿಲ್ಲ. ಅದಕ್ಕೇ ಮಾತಾಡಿದೆ. ಆ ಮನೆಗಾಗಿ ನನ್ನ ಬಳೆ ಅಡವಿಟ್ಟದ್ದು ನೆನಪಿದೆಯಾ ಅಂತ ಕೇಳಿದೆ. ಅತ್ತೆಯವರು ಎಂಟನೇ ಮಹಡಿಯಲ್ಲಿ ಯಾರ ಹತ್ರ ಮಾತಾಡಬೇಕು ಅಂತ ಕೇಳಿದೆ. ನನ್ನ ಸಂಘ, ನನ್ನ ಅಕ್ಕಪಕ್ಕ, ನನ್ನ ಕರಿಬೇವಿನ ಗಿಡ ಎಲ್ಲಾ ಹೇಳಿದೆ. ಮಗಳಿಗೆ ನಾವು ಬೇಕೋ ಬೇಡವೋ, ಅವಳನ್ನು ಕೇಳಿದ್ದೀರಾ ಅಂತಲೂ ಕೇಳಿದೆ. ಅವರು ಕೇಳಿರಲಿಲ್ಲ. ಅವರ ಭಯ ಬೇರೆಯೇ ಇತ್ತು. 'ನನಗೇನಾದರೂ ಆದರೆ ಅಷ್ಟು ದೊಡ್ಡ ಮನೇಲಿ ನೀನೊಬ್ಬಳೇ ಹ್ಯಾಗೆ ಇರ್ತೀಯ ಅಂತ' ಅಂದರು. ಇದನ್ನು ಅವರು ಹಿಂದೆ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ.

ಸಂಜೆ ಮಗಳೂ ಬಂದಳು. ಮೂವರೂ ಕೂತು ಒಂದು ತೀರ್ಮಾನಕ್ಕೆ ಬಂದೆವು. ರಿಟೈರ್ ಆದ ಮೇಲೆ ಒಂದು ವರ್ಷ ಮನೆ ಮಾರುವ ಮಾತಿಲ್ಲ. ಮೇಲಿನ ಭಾಗ ಬಾಡಿಗೆಗೆ ಕೊಡೋದು. ಬ್ಯಾಂಕು, ಪತ್ರ, ಇನ್ಷೂರೆನ್ಸು ಎಲ್ಲ ನನಗೂ ತೋರಿಸೋದು. ಇದು ಹೋಟೆಲ್‌ನ ಮಹಿಮೆ ಅಂತ ನಾನು ಹೇಳಲ್ಲ. ಆದರೆ ಮನೆಯ ವಿಷಯ ಮಾತಾಡಲು ಒಮ್ಮೊಮ್ಮೆ ಮನೆಯಿಂದ ಹೊರಗೆ ಹೋಗಬೇಕಾಗುತ್ತೆ, ಅಷ್ಟಂತೂ ನಿಜ.

ಹೊರಡುವ ಮುನ್ನ ನೆನಪಿರಲಿ

* ಕಚೇರಿಗಳೇ ತುಂಬಿರುವ ಪ್ರದೇಶದ ಹೋಟೆಲ್‌ಗಳಿಗೆ ಸೋಮವಾರದಿಂದ ಗುರುವಾರದವರೆಗೆ ಕಂಪನಿ ಅತಿಥಿಗಳ ದಟ್ಟಣೆ. ಶನಿವಾರ, ಭಾನುವಾರ ದರ ಇಳಿಯುವುದುಂಟು. ಎರಡೂ ದಿನಗಳ ದರ ವಿಚಾರಿಸಿ ನೋಡಿ.

* ತೆರಿಗೆ ಸೇರಿಸಿ ಲೆಕ್ಕ ಹಾಕಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಹೆಚ್ಚಾದರೆ ಶೇ 18. ಅಂದರೆ 7,400 ರೂಪಾಯಿಯ ಕೋಣೆ 7,770ಕ್ಕೆ ಬಂದರೆ, 8,000 ರೂಪಾಯಿಯದು 9,440 ಆಗುತ್ತೆ! ದರದಲ್ಲಿ 600 ರೂಪಾಯಿ ವ್ಯತ್ಯಾಸ, ಬಿಲ್ಲಿನಲ್ಲಿ 1,670.

* ಬೆಳಗಿನ ತಿಂಡಿ ಬಾಡಿಗೆಯಲ್ಲಿ ಸೇರಿದೆಯೇ ಕೇಳಿ. ಸೇರಿದ್ದರೆ ತಡವಾಗಿ ಹೊಟ್ಟೆ ತುಂಬ ತಿಂದರೆ ಮಧ್ಯಾಹ್ನದ ಊಟದ ಖರ್ಚು ಉಳಿಯುತ್ತೆ. ದೋಸೆಗೆ ಮಾತ್ರ ನಮ್ಮೂರ ಬೆಣ್ಣೆ ದೋಸೆಯ ರುಚಿ ನಿರೀಕ್ಷಿಸಬೇಡಿ.

* ಗುರುತಿನ ಚೀಟಿ ಇಬ್ಬರದೂ ಬೇಕು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್' ಪ್ರತಿ ಕೊಡಿ. ಆಧಾರ್ ವೆಬ್‌ಸೈಟ್‌ನಲ್ಲೇ ಸಿಗುತ್ತೆ.

* ಹೋದ ತಕ್ಷಣ ಮುಂಗಡ ಅಂತ ಕಾರ್ಡಿನಲ್ಲಿ ಸ್ವಲ್ಪ ಹಣ ತಡೆಹಿಡಿಯಬಹುದು. ಎಷ್ಟು, ಯಾವಾಗ ವಾಪಸ್ ಅಂತ ಕೇಳಿ ಬರೆದಿಟ್ಟುಕೊಳ್ಳಿ.

* ರೂಮಿನ ಸಣ್ಣ ಫ್ರಿಜ್ಜಿನಲ್ಲಿರುವುದೆಲ್ಲ ಪುಕ್ಕಟೆಯಲ್ಲ. ಉಚಿತ ನೀರಿನ ಬಾಟಲಿ ಯಾವುದು ಕೇಳಿಕೊಳ್ಳಿ. ಹೋಟೆಲ್‌ನವರು ನೀರಿನ ಬಾಟಲಿಯನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದು ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

* ಊಟದ ಬಿಲ್ಲಿನಲ್ಲಿ 'ಸರ್ವೀಸ್ ಚಾರ್ಜ್' ತಾನಾಗಿ ಸೇರಿಸುವಂತಿಲ್ಲ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಈ ಮಾರ್ಗಸೂಚಿಯನ್ನು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು. ತೆಗೆಯಲು ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915.

* ಒಬ್ಬರೇ ಉಳಿಯುವುದಾದರೆ ಒಳಗಿನ ಚಿಲಕ ಹಾಕಿಯೇ ಮಲಗಿ. ಕರೆಯದೆ ಯಾರಾದರೂ ಬಾಗಿಲು ಬಡಿದರೆ ರಿಸೆಪ್ಷನ್‌ಗೆ ಫೋನ್ ಮಾಡಿ ಖಚಿತ ಮಾಡಿಕೊಂಡೇ ತೆಗೆಯಿರಿ. ಬಾಗಿಲ ಹಿಂದಿನ ನಕ್ಷೆಯಲ್ಲಿ ಬೆಂಕಿ ಬಿದ್ದಾಗ ಹೋಗುವ ಮೆಟ್ಟಿಲು ಎಲ್ಲಿದೆ ನೋಡಿಕೊಳ್ಳಿ.

ಊರಿಗೆ ಬಂದ ಮಾರನೇ ದಿನವೇ ಶೋಕೇಸಿನ ಎರಡು ಅರೆ ಖಾಲಿ ಮಾಡಿದೆ. ಬಣ್ಣ ಹೋದ ಗೊಂಬೆ, ಯಾರೋ ಕೊಟ್ಟ ಗಡಿಯಾರ, ಒಡೆದ ಕಪ್ಪಿನ ಸೆಟ್ಟು ಎಲ್ಲಾ ಹೋಯಿತು. ಅಷ್ಟು ಜಾಗ ಈಗ ಖಾಲಿಯೇ ಇದೆ. ಅತ್ತೆಯವರು ಎರಡು ದಿನ ನೋಡಿ, 'ಇಲ್ಲೇನಿಡ್ತೀಯವ್ವ?' ಅಂತ ಕೇಳಿದರು. 'ಏನೂ ಇಡಲ್ಲ ಅತ್ತೆ' ಅಂದೆ.

ಭಾನುವಾರ ಮಧ್ಯಾಹ್ನ ಮೂರರಿಂದ ನಾಲ್ಕು ಟಿ.ವಿ. ಬಂದ್, ಮೊಬೈಲು ಬಂದ್. ನಾವಿಬ್ಬರೂ ಹಾಲಿನಲ್ಲಿ ಚಾಪೆ ಹಾಸಿ ಕೂರ್ತೀವಿ. ಟೀ ಅವರದೇ. ಹೋಟೆಲ್‌ಗೆ ಹೋಗಲು ಆಗದಿದ್ದರೂ ಚಿಂತೆಯಿಲ್ಲ, ಇಷ್ಟನ್ನಾದರೂ ನೀವೂ ಮಾಡಿ ನೋಡಿ. ಬಾಡಿಗೆಯೂ ಇಲ್ಲ, ಜಿಎಸ್‌ಟಿಯೂ ಇಲ್ಲ!