ಮುಕ್ತ ತಂತ್ರಾಂಶ ಕಲಿಕೆಯ ಕೈಪಿಡಿಗಳು

ಮುಕ್ತ ತಂತ್ರಾಂಶ ಕಲಿಕೆಯ ಕೈಪಿಡಿಗಳು ಎಂದರೆ, ಆಕರ ಸಂಕೇತವು ಎಲ್ಲರಿಗೂ ತೆರೆದಿರುವ ತಂತ್ರಾಂಶಗಳನ್ನು ಶಿಕ್ಷಕರು ಮತ್ತು ವಿದ್ಯಾರ್ಥಿಗಳು ತಾವಾಗಿಯೇ ಕಲಿತು ಬಳಸಲು ನೆರವಾಗುವ ಹಂತಹಂತದ ಮಾರ್ಗದರ್ಶಿ ಬರಹಗಳು. ಇವು ಮುದ್ರಿತ ಪುಸ್ತಕ, ಪಿಡಿಎಫ್ ಕಡತ, ವಿಕಿ ಪುಟ ಅಥವಾ ಕಿರು ವೀಡಿಯೊ ರೂಪದಲ್ಲಿರುತ್ತವೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲಿ 2011ರ ನಂತರ ಇಂತಹ ಬರಹಗಳ ಬಳಕೆ ಹೆಚ್ಚಿತು. 2020ರಲ್ಲಿ ಕೋವಿಡ್-19ರಿಂದಾಗಿ ಶಾಲೆಗಳು ಮುಚ್ಚಿದಾಗ ಆನ್‌ಲೈನ್ ಬೋಧನೆಗೆ ಅವುಗಳ ಅಗತ್ಯ ಇನ್ನಷ್ಟು ಸ್ಪಷ್ಟವಾಯಿತು. ಅಂತರಜಾಲ ಸಂಪರ್ಕ ದುರ್ಬಲವಾಗಿರುವ ಚಾಮರಾಜನಗರ, ಗುಂಡ್ಲುಪೇಟೆಗಳಂತಹ ಕಾಡಂಚಿನ ಪ್ರದೇಶಗಳಲ್ಲಿ, ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದೆಯೂ ಓದಬಹುದಾದ ಕೈಪಿಡಿಗೆ ವಿಶೇಷ ಮಹತ್ವವಿದೆ.

== ಹಿನ್ನೆಲೆ ==
ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಇದರಿಂದ ಬೆಳೆದ ಸ್ವತಂತ್ರ ತಂತ್ರಾಂಶ ಚಳವಳಿಯು ಬಳಕೆದಾರರಿಗೆ ನಾಲ್ಕು ಸ್ವಾತಂತ್ರ್ಯಗಳಿರಬೇಕೆಂದು ಪ್ರತಿಪಾದಿಸುತ್ತದೆ. ಅವು: ತಂತ್ರಾಂಶವನ್ನು ಯಾವುದೇ ಉದ್ದೇಶಕ್ಕೆ ಬಳಸುವುದು, ಅದರ ಕಾರ್ಯವಿಧಾನವನ್ನು ಅಭ್ಯಸಿಸಿ ಬದಲಿಸುವುದು, ಪ್ರತಿಗಳನ್ನು ಹಂಚುವುದು ಮತ್ತು ಬದಲಿಸಿದ ಆವೃತ್ತಿಯನ್ನೂ ಹಂಚುವುದು.

ತಂತ್ರಾಂಶಕ್ಕೆ ಈ ಸ್ವಾತಂತ್ರ್ಯಗಳಿದ್ದು ಅದರ ಕೈಪಿಡಿಗೆ ಇಲ್ಲದಿದ್ದರೆ ಕಲಿಯುವವರಿಗೆ ಅರ್ಧ ಪ್ರಯೋಜನ ಮಾತ್ರ ದೊರೆಯುತ್ತದೆ. ಆದ್ದರಿಂದ ಇಂತಹ ಕೈಪಿಡಿಗಳು ಹೆಚ್ಚಾಗಿ ಕ್ರಿಯೇಟಿವ್ ಕಾಮನ್ಸ್ ಮೊದಲಾದ ಮುಕ್ತ ಪರವಾನಗಿಗಳಡಿ ಪ್ರಕಟವಾಗುತ್ತವೆ. ಒಬ್ಬ ಶಿಕ್ಷಕರು ಅವುಗಳನ್ನು ನಕಲು ಮಾಡಿ ಸಹೋದ್ಯೋಗಿಗಳಿಗೆ ಕೊಡಬಹುದು, ಕನ್ನಡಕ್ಕೆ ತರಬಹುದು, ತಮ್ಮ ತರಗತಿಯ ಉದಾಹರಣೆಗಳನ್ನು ಸೇರಿಸಬಹುದು. ಯಾರ ಅನುಮತಿಯನ್ನೂ ಪ್ರತ್ಯೇಕವಾಗಿ ಬೇಡಬೇಕಾಗಿಲ್ಲ. ಮೂಲ ಕರ್ತೃವನ್ನು ಹೆಸರಿಸಿ ಪರವಾನಗಿಯ ಷರತ್ತುಗಳನ್ನು ಪಾಲಿಸಿದರೆ ಸಾಕು.

== ಕರ್ನಾಟಕದಲ್ಲಿ ==
ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಅಡಿಯಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಕಾರ್ಯಾಗಾರಗಳಲ್ಲಿ ಉಬುಂಟು ಕಾರ್ಯಾಚರಣ ವ್ಯವಸ್ಥೆಯನ್ನೂ ಅದರ ಶೈಕ್ಷಣಿಕ ತಂತ್ರಾಂಶಗಳನ್ನೂ ಪರಿಚಯ ಮಾಡಿಕೊಂಡರು. ಕಾರ್ಯಾಗಾರ ಮುಗಿದ ಮೇಲೆ ಅವರು ವಿಷಯವಾರು ಇಮೇಲ್ ಗುಂಪುಗಳಲ್ಲಿ ಪರಸ್ಪರ ಸಂಪರ್ಕದಲ್ಲಿದ್ದರು.

ಇದರ ಮುಂದುವರಿಕೆಯಾಗಿ 2013ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಯೋಜನೆ ರೂಪುಗೊಂಡಿತು. ಇದರ ಜಾಲತಾಣವು ವಿಕಿಪೀಡಿಯ ಬಳಸುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ನಿಂತಿದೆ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಪುಟಗಳನ್ನು ಹೊಂದಿದೆ. ಪಾಠಗಳ ಸಂಪನ್ಮೂಲಗಳ ಜೊತೆಗೆ ಜಿಯೋಜೀಬ್ರಾ, ಫ್ರೀಪ್ಲೇನ್, ಲಿಬ್ರೆ ಆಫೀಸ್ ಮುಂತಾದ ಒಂದೊಂದು ತಂತ್ರಾಂಶಕ್ಕೂ ಪ್ರತ್ಯೇಕ ಕಲಿಕಾ ಪುಟಗಳು ಅಲ್ಲಿವೆ.

ರಾಷ್ಟ್ರಮಟ್ಟದಲ್ಲಿ ಬಾಂಬೆ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಗಮನಾರ್ಹವಾದುದು. ಇದರ ಪ್ರತಿ ಪಾಠವೂ ಸುಮಾರು ಹತ್ತು ನಿಮಿಷದ ವೀಡಿಯೊ. ಕಲಿಯುವವರು ಪರದೆಯ ಒಂದು ಬದಿಯಲ್ಲಿ ಪಾಠವನ್ನು ನೋಡುತ್ತ, ಇನ್ನೊಂದು ಬದಿಯಲ್ಲಿ ತಂತ್ರಾಂಶವನ್ನು ತೆರೆದು ಅದೇ ಹಂತಗಳನ್ನು ಮಾಡುತ್ತ ಸಾಗಬೇಕು. ಹಲವು ಪಾಠಗಳಿಗೆ ಕನ್ನಡ ಧ್ವನಿ ಇದೆ.

ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆಯು ಶಾಲೆಗಳನ್ನು ಕ್ರಮೇಣ ಗ್ನೂ/ಲಿನಕ್ಸ್‌ಗೆ ತಂದಿತು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. ಅಲ್ಲಿನ ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕಗಳು ಮುಕ್ತ ತಂತ್ರಾಂಶಗಳನ್ನೇ ಆಧರಿಸಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಅವು ಕನ್ನಡದಲ್ಲಿಯೂ ಪ್ರಕಟವಾಗುವುದರಿಂದ, ಕರ್ನಾಟಕದ ಓದುಗರಿಗೂ ಉಪಯುಕ್ತ ಕೈಪಿಡಿಗಳಾಗಬಲ್ಲವು.

== ಕೈಪಿಡಿಯ ರಚನೆ ==
ಶಿಕ್ಷಕರಿಗಾಗಿ ಬರೆದ ಕೈಪಿಡಿಯೊಂದರಲ್ಲಿ ಸಾಮಾನ್ಯವಾಗಿ ಈ ಭಾಗಗಳಿರುತ್ತವೆ:

* ಪರಿಚಯ: ತಂತ್ರಾಂಶ ಯಾವುದಕ್ಕೆ, ತರಗತಿಯಲ್ಲಿ ಅದರ ಉಪಯೋಗವೇನು, ವಿವರಣೆ ಯಾವ ಆವೃತ್ತಿಗೆ ಸಂಬಂಧಿಸಿದೆ ಎಂಬ ಮಾಹಿತಿ.
* ಅನುಸ್ಥಾಪನೆ: ಗಣಕಯಂತ್ರ ಅಥವಾ ಮೊಬೈಲಿನಲ್ಲಿ ಅಳವಡಿಸುವ ಕ್ರಮ.
* ಬಳಕೆ: ಪರದೆಯ ಚಿತ್ರಗಳ ಸಹಿತ ಹಂತಗಳ ವಿವರಣೆ.
* ಉಳಿಸುವುದು ಮತ್ತು ರಫ್ತು: ಕಡತವನ್ನು ಯಾವ ರೂಪದಲ್ಲಿ ಉಳಿಸಬೇಕು, ಇತರರಿಗೆ ಯಾವ ರೂಪದಲ್ಲಿ ಕಳುಹಿಸಬೇಕು ಎಂಬ ಸೂಚನೆ.
* ಪಾಠಕ್ಕೆ ಅನ್ವಯ: ಪಠ್ಯದ ಯಾವ ಘಟಕಗಳಲ್ಲಿ ಬಳಸಬಹುದೆಂಬ ಸಲಹೆಗಳು.

ಇವುಗಳಲ್ಲಿ ಕೊನೆಯ ಭಾಗವೇ ಶಿಕ್ಷಕರ ಕೈಪಿಡಿಯನ್ನು ಸಾಮಾನ್ಯ ತಾಂತ್ರಿಕ ಕೈಪಿಡಿಯಿಂದ ಬೇರ್ಪಡಿಸುತ್ತದೆ. ಗುಂಡಿಗಳ ಹೆಸರುಗಳನ್ನು ಕಂಠಪಾಠ ಮಾಡಿದವರು ಬೇಗನೆ ಮರೆಯುತ್ತಾರೆ. ನಾಳೆಯ ಪಾಠಕ್ಕಾಗಿ ಒಂದು ಚಿತ್ರವನ್ನೋ ನಕ್ಷೆಯನ್ನೋ ತಯಾರಿಸಿದವರಿಗೆ ಅದರ ಹಂತಗಳು ನೆನಪಿನಲ್ಲಿ ಉಳಿಯುತ್ತವೆ.

== ಕಲಿಯುವ ಕ್ರಮ ==
ಕೈಪಿಡಿಯನ್ನು ಆದಿಯಿಂದ ಅಂತ್ಯದವರೆಗೆ ಓದಿ ನಂತರ ಗಣಕಯಂತ್ರದ ಮುಂದೆ ಕುಳಿತುಕೊಳ್ಳುವುದಕ್ಕಿಂತ, ಒಂದು ಹಂತವನ್ನು ಓದಿ ಅದನ್ನು ಮಾಡಿ ನೋಡಿ ಮುಂದುವರಿಯುವುದು ಫಲಕಾರಿ.

ಉದಾಹರಣೆಗೆ, ಮನೋನಕ್ಷೆಗಳನ್ನು ರಚಿಸುವ ಫ್ರೀಪ್ಲೇನ್ ತಂತ್ರಾಂಶವನ್ನು ಬಂಡೀಪುರದ ಪಾಠದ ಮೂಲಕ ಕಲಿಯಬಹುದು. ಹೊಸ ನಕ್ಷೆಯನ್ನು ತೆರೆದು ನಡುವಿನ ಕೋಶದಲ್ಲಿ ‘ಬಂಡೀಪುರ’ ಎಂದು ಬರೆಯಬೇಕು. ಟ್ಯಾಬ್ ಕೀಲಿಯನ್ನು ಒತ್ತಿದರೆ ಆ ಕೋಶದಿಂದ ಒಂದು ಕವಲು ಹೊರಡುತ್ತದೆ. ಅದರಲ್ಲಿ ‘ನದಿಗಳು’ ಎಂದು ಬರೆದು ಎಂಟರ್ ಕೀಲಿಯನ್ನು ಒತ್ತಿದರೆ ಅದೇ ಮಟ್ಟದ ಇನ್ನೊಂದು ಕವಲು ಮೂಡುತ್ತದೆ. ಹೀಗೆ ‘ನದಿಗಳು’ ಎಂಬುದರ ಕೆಳಗೆ ಕಬಿನಿ ಮತ್ತು ಮೋಯಾರ್, ‘ಇತಿಹಾಸ’ ಎಂಬುದರ ಕೆಳಗೆ 1973ರ ಹುಲಿ ಯೋಜನೆ, ‘ಗಡಿಗಳು’ ಎಂಬುದರ ಕೆಳಗೆ ಕೇರಳ ಮತ್ತು ತಮಿಳುನಾಡು ಸೇರುತ್ತವೆ. ಇಷ್ಟನ್ನು ಮಾಡಿದವರಿಗೆ ಎರಡೇ ಕೀಲಿಗಳಿಂದ ಇಡೀ ಪಾಠದ ಹಂದರ ಸಿದ್ಧವಾಗುತ್ತದೆ. ನಕ್ಷೆಯನ್ನು ಚಿತ್ರ ಅಥವಾ ಪಿಡಿಎಫ್ ಆಗಿ ರಫ್ತು ಮಾಡಿದರೆ, ಫ್ರೀಪ್ಲೇನ್ ಇಲ್ಲದ ಮೊಬೈಲಿನಲ್ಲಿಯೂ ವಿದ್ಯಾರ್ಥಿ ಅದನ್ನು ನೋಡಬಹುದು.

ಗಣಿತದಲ್ಲಿ ಜಿಯೋಜೀಬ್ರಾ ಇದೇ ರೀತಿ ಸಹಾಯಕ. ಮಾರ್ಕಸ್ ಹೋಹೆನ್‌ವಾರ್ಟರ್ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ 2001ರಲ್ಲಿ ಇದನ್ನು ಆರಂಭಿಸಿದರು. ತ್ರಿಭುಜವನ್ನು ರಚಿಸಿ, ಮೂರೂ ಕೋನಗಳನ್ನು ಅಳೆದು, ಒಂದು ಶೃಂಗವನ್ನು ಎಳೆದಾಡಿದರೆ ಕೋನಗಳು ಬದಲಾಗುತ್ತವೆ, ಆದರೆ ಮೊತ್ತ 180 ಡಿಗ್ರಿಯಾಗಿಯೇ ಉಳಿಯುತ್ತದೆ. ಕಪ್ಪುಹಲಗೆಯ ಮೇಲೆ ಒಂದು ತ್ರಿಭುಜವನ್ನು ತೋರಿಸುವ ಹೊತ್ತಿನಲ್ಲಿ ಇಲ್ಲಿ ನೂರಾರು ತ್ರಿಭುಜಗಳನ್ನು ಪರೀಕ್ಷಿಸಬಹುದು. ಜಿಯೋಜೀಬ್ರಾದ ಆಕರ ಸಂಕೇತ ಮುಕ್ತವಾಗಿದ್ದರೂ, ಅದರ ವಾಣಿಜ್ಯ ಬಳಕೆಗೆ ಪ್ರತ್ಯೇಕ ನಿಯಮಗಳಿವೆ. ಶಾಲಾ ಬಳಕೆಗೆ ಶುಲ್ಕವಿಲ್ಲ.

== ಆನ್‌ಲೈನ್ ಬೋಧನೆಯ ತಂತ್ರಾಂಶಗಳು ==
ಆನ್‌ಲೈನ್ ಬೋಧನೆಯ ಮುಕ್ತ ತಂತ್ರಾಂಶಗಳನ್ನು ಬಳಕೆಯ ದೃಷ್ಟಿಯಿಂದ ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು, ಶಿಕ್ಷಕರೂ ವಿದ್ಯಾರ್ಥಿಗಳೂ ಏಕಕಾಲದಲ್ಲಿ ಸೇರುವ ತರಗತಿಗಳದು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಆರಂಭವಾದ ಬಿಗ್‌ಬ್ಲೂಬಟನ್ ಅನ್ನು ಬೋಧನೆಗಾಗಿಯೇ ರೂಪಿಸಲಾಗಿದೆ. ಬಿಳಿಹಲಗೆ, ಮತದಾನ, ಸಣ್ಣ ಗುಂಪುಗಳಾಗಿ ವಿಭಜಿಸುವ ಸೌಲಭ್ಯ ಅದರಲ್ಲಿವೆ. ಆದರೆ ಅದನ್ನು ನಡೆಸಲು ಸರ್ವರ್ ಬೇಕಾಗುವುದರಿಂದ, ಒಬ್ಬ ಶಿಕ್ಷಕರಿಗಿಂತ ಸಂಸ್ಥೆಯೊಂದಕ್ಕೆ ಅದು ಹೊಂದುತ್ತದೆ. ಜಿಟ್ಸಿ ಮೀಟ್ ಅನ್ನು ಬ್ರೌಸರಿನಲ್ಲಿಯೇ ತೆರೆಯಬಹುದು.

ಎರಡನೆಯದು, ಮೊದಲೇ ಸಿದ್ಧಪಡಿಸಿ ಅನುಕೂಲವಾದಾಗ ಕಲಿಯುವ ಪಾಠಗಳದು. ಪರದೆಯನ್ನು ಧ್ವನಿಯೊಡನೆ ಮುದ್ರಿಸಲು ಒಬಿಎಸ್ ಸ್ಟುಡಿಯೊ, ಧ್ವನಿಯನ್ನು ತಿದ್ದಲು ಆಡಾಸಿಟಿ, ವೀಡಿಯೊ ಜೋಡಿಸಲು ಕೆಡೆನ್‌ಲೈವ್ ಬಳಕೆಯಲ್ಲಿವೆ. ಮಾರ್ಟಿನ್ ಡೂಗಿಯಾಮಸ್ ರೂಪಿಸಿದ, 2002ರಲ್ಲಿ ಮೊದಲ ಆವೃತ್ತಿ ಕಂಡ ಮೂಡಲ್, ಪಾಠ, ಪ್ರಶ್ನೆಪತ್ರಿಕೆ ಮತ್ತು ಅಂಕಗಳನ್ನು ಒಂದೆಡೆ ನಿರ್ವಹಿಸುತ್ತದೆ. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠಗಳನ್ನು ಮೊದಲೇ ಇಳಿಸಿಕೊಂಡು ಸಂಪರ್ಕವಿಲ್ಲದಾಗ ಓದಲು ಅವಕಾಶವಿದೆ.

== ಕನ್ನಡ ಲಿಪಿಯ ಬಳಕೆ ==
ವಿಂಡೋಸ್‌ನಿಂದ ಉಬುಂಟುವಿಗೆ ಬಂದ ಕನ್ನಡ ಶಿಕ್ಷಕರು ಎದುರಿಸುವ ಮೊದಲ ತೊಡಕು ಲಿಪಿಯದು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಟಿಪ್ಪಣಿಗಳು, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತವೆ. ಕಡತ ಹಾಳಾಯಿತೆಂದು ಭಾವಿಸುವವರಿದ್ದಾರೆ. ವಾಸ್ತವದಲ್ಲಿ ಅದು ಹಾಳಾಗಿರುವುದಿಲ್ಲ. ಪರಿವರ್ತಕವೊಂದರ ಮೂಲಕ ಯೂನಿಕೋಡ್‌ಗೆ ಬದಲಿಸಿದರೆ ಎಲ್ಲ ಸಾಧನಗಳಲ್ಲಿಯೂ ಓದಲು ಬರುತ್ತದೆ.

ಲಿನಕ್ಸ್‌ನಲ್ಲಿ ಕಗಪ ಕೀಲಿಮಣೆ ವಿನ್ಯಾಸ ಲಭ್ಯವಿರುವುದರಿಂದ, ನುಡಿಯಲ್ಲಿ ಪಳಗಿದ ಬೆರಳುಗಳು ಹೊಸ ಕೀಲಿಮಣೆಯನ್ನು ಕಲಿಯಬೇಕಾಗಿಲ್ಲ. ಕನ್ನಡ ಕೈಪಿಡಿಯೊಂದರ ಆರಂಭದಲ್ಲಿಯೇ ಈ ಎರಡು ವಿಷಯಗಳಿರುವುದು ಅಪೇಕ್ಷಣೀಯ; ಇಂಗ್ಲಿಷ್ ಕೈಪಿಡಿಗಳಲ್ಲಿ ಇವು ದೊರೆಯುವುದಿಲ್ಲ.

== ಚಾಮರಾಜನಗರ ಮತ್ತು ಗುಂಡ್ಲುಪೇಟೆ ==
ಚಾಮರಾಜನಗರ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟದ ಅರಣ್ಯಗಳು ಜಿಲ್ಲೆಯ ದೊಡ್ಡ ಭಾಗವನ್ನು ಆವರಿಸಿವೆ. ಗುಂಡ್ಲುಪೇಟೆ ತಾಲ್ಲೂಕು ಕೇರಳ ಮತ್ತು ತಮಿಳುನಾಡು ಎರಡಕ್ಕೂ ಹೊಂದಿಕೊಂಡಿದೆ. ಕಾಡಂಚಿನ ಊರುಗಳಲ್ಲಿ, ಸೋಲಿಗರ ಪೋಡುಗಳಲ್ಲಿ ಮೊಬೈಲ್ ಸಂಕೇತ ದುರ್ಬಲ. ನೇರ ವೀಡಿಯೊ ತರಗತಿ ಅಲ್ಲಿನ ಮಕ್ಕಳನ್ನು ಸುಲಭವಾಗಿ ಹೊರಗಿಡುತ್ತದೆ.

2020ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮ ಈ ಅಂತರವನ್ನು ಗುರುತಿಸಿತ್ತು. ಯಾವ ಸಾಧನವೂ ಇಲ್ಲದವರು, ಅಂತರಜಾಲವಿಲ್ಲದ ಮೊಬೈಲ್ ಉಳ್ಳವರು, ಅಂತರಜಾಲ ಸಹಿತ ಸಾಧನ ಉಳ್ಳವರು ಎಂದು ಮಕ್ಕಳನ್ನು ಗುಂಪುಗೂಡಿಸಿ, ಶಿಕ್ಷಕರೇ ಊರುಗಳಿಗೆ ಹೋಗಿ ಕಲಿಸುವ ವ್ಯವಸ್ಥೆ ಅದಾಗಿತ್ತು. ಸೋಂಕಿನ ಆತಂಕದಿಂದ ಅದನ್ನು ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿಲ್ಲಿಸಲಾಯಿತು.

ಇಂತಹ ಪ್ರದೇಶಕ್ಕೆ ಮೇಲೆ ಹೇಳಿದ ಎರಡನೆಯ ಬಗೆಯ ತಂತ್ರಾಂಶಗಳೇ ಹೆಚ್ಚು ಸೂಕ್ತ. ಗುಂಡ್ಲುಪೇಟೆ ಅಥವಾ ಚಾಮರಾಜನಗರ ಪಟ್ಟಣದಲ್ಲಿ ಸಂಪರ್ಕ ದೊರೆತಾಗ ತಂತ್ರಾಂಶವನ್ನೂ ಕೈಪಿಡಿಯನ್ನೂ ಪೆನ್‌ಡ್ರೈವ್‌ಗೆ ಇಳಿಸಿಕೊಂಡರೆ, ಶಾಲೆಯ ಗಣಕಯಂತ್ರಗಳಲ್ಲಿ ಅಂತರಜಾಲವಿಲ್ಲದೆಯೇ ಕಲಿಯಬಹುದು. ಒಂದೇ ಪೆನ್‌ಡ್ರೈವ್ ಹತ್ತು ಶಾಲೆಗಳಿಗೆ ಸುತ್ತಿದರೂ ಕಾನೂನುಬಾಹಿರವಲ್ಲ. ಪರವಾನಗಿಯೇ ಅದಕ್ಕೆ ಅನುಮತಿ ನೀಡಿದೆ. ಪಾಠವನ್ನು ಧ್ವನಿಕಡತವಾಗಿಯೋ ಒಂದು ಪುಟದ ಪಿಡಿಎಫ್ ಆಗಿಯೋ ತಯಾರಿಸಿದರೆ, ಕ್ಷೀಣ ಸಂಪರ್ಕದಲ್ಲಿಯೂ ಕಳುಹಿಸಬಹುದು. ಮೊಬೈಲ್ ಇಲ್ಲದ ಮಗುವಿಗೆ ಮುದ್ರಿಸಿಯೂ ಕೊಡಬಹುದು.

== ಮಿತಿಗಳು ==
ಕೈಪಿಡಿಗಳು ಬೇಗ ಹಳತಾಗುತ್ತವೆ. ಜಿಟ್ಸಿಯ ಸಾರ್ವಜನಿಕ ತಾಣದಲ್ಲಿ ಖಾತೆಯಿಲ್ಲದೆಯೇ ಸಭೆ ಆರಂಭಿಸಬಹುದೆಂದು 2020ರ ಬರಹಗಳು ಹೇಳುತ್ತವೆ. 2023ರ ಆಗಸ್ಟ್‌ನಿಂದ ಸಭೆಯನ್ನು ಆರಂಭಿಸುವವರು ಖಾತೆಯೊಂದರ ಮೂಲಕ ಪ್ರವೇಶಿಸಬೇಕಾಗಿದೆ. ಆದ್ದರಿಂದ ಕೈಪಿಡಿಯ ದಿನಾಂಕವನ್ನೂ ತಂತ್ರಾಂಶದ ಆವೃತ್ತಿಯನ್ನೂ ಹೋಲಿಸಿ ನೋಡುವುದು ಅಗತ್ಯ.

ಯಂತ್ರ ಕೆಟ್ಟಾಗ ಅಥವಾ ಪರದೆ ಕೈಪಿಡಿಯ ಚಿತ್ರದಂತೆ ಕಾಣದಿದ್ದಾಗ, ಬರಹಕ್ಕಿಂತ ಪಕ್ಕದಲ್ಲಿರುವ ಸಹೋದ್ಯೋಗಿಯೇ ಹೆಚ್ಚು ನೆರವಾಗುತ್ತಾರೆ. ವಿಷಯ ಶಿಕ್ಷಕರ ವೇದಿಕೆಯು ಕಾರ್ಯಾಗಾರದ ಜೊತೆಗೆ ಶಿಕ್ಷಕರ ಗುಂಪುಗಳನ್ನೂ ಕಟ್ಟಿದ್ದು ಈ ದೃಷ್ಟಿಯಿಂದ ಮುಖ್ಯ. ತಾವು ಎಡವಿದ ಹಂತಕ್ಕೆ ಒಂದು ಸಾಲಿನ ವಿವರಣೆಯನ್ನು ಸೇರಿಸಿ ಕೈಪಿಡಿಯನ್ನು ಮತ್ತೆ ಹಂಚುವ ಓದುಗರಿಂದ ಅದು ಮುಂದಿನವರಿಗೆ ಇನ್ನಷ್ಟು ಸುಲಭವಾಗುತ್ತದೆ.